ಕೈ ಸುಳ್ಳು ಹೇಳುವುದಿಲ್ಲ

‘ನೀ ಸುಳ್ಳ ಹೇಳಾಂವ ಅನ್ನೋದು ನಂಗ ಗೊತ್ತಿತ್ತು ಹುಲಗೇಶ. ನಿನ್ನ ಕೈಕೆಲಸಾನೂ ಸುಳ್ಳ ಅನ್ನೋದು ಗೊತ್ತಿರಲಿಲ್ಲ.’

ಇಷ್ಟು ಹೇಳಿ ಶಿವಪ್ರಕಾಶ ಫೋನಿಟ್ಟದ್ದು ಬೆಳಿಗ್ಗೆ ಎಂಟಕ್ಕೆ. ಈಗ ಹತ್ತಾಗಿತ್ತು. ಹುಲಗೇಶ ಕುಷಾಯಿಗೂಡದಿಂದ ಸಿಕಂದರಾಬಾದಿಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದ. ಆ ಮಾತು ಕಿವಿಯೊಳಗೆ ಸಿಕ್ಕಿಕೊಂಡ ನೀರಿನಂತೆ, ತಲೆ ಆಡಿಸಿದಾಗಲೆಲ್ಲ ಕುಲುಕುತ್ತಿತ್ತು. ಮೊದಲರ್ಧದ ಬಗ್ಗೆ ಅವನಿಗೆ ತಕರಾರಿರಲಿಲ್ಲ. ಸುಳ್ಳು ಹೇಳುತ್ತಿದ್ದ, ಅದೇನು ಮುಚ್ಚಿಟ್ಟ ಸಂಗತಿಯಲ್ಲ. ಕುಷ್ಟಗಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾಗ ಒಂದು ಎಮ್ಮೆ ಬಂದು ಸೈಕಲ್ಲಿನ ಗಂಟೆ ನುಂಗಿತೆಂದೂ, ಆಮೇಲೆ ಅದು ತೇಗಿದಾಗಲೆಲ್ಲ ಟ್ರಿಣ್ ಟ್ರಿಣ್ ಎಂದು ದಾರಿಯ ಜನ ಬದಿಗೆ ಸರಿಯುತ್ತಿದ್ದರೆಂದೂ ಅವನು ಓಣಿಯಲ್ಲಿ ಹೇಳಿ ಮೂರು ವರ್ಷವಾಗಿತ್ತು. ಇವತ್ತಿಗೂ ಜನ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದರು. ಅದು ಸುಳ್ಳೆಂದು ಎಮ್ಮೆಗೂ ಗೊತ್ತು. ಆದರೆ ಕೈ? ಕೈ ಯಾವತ್ತು ಸುಳ್ಳು ಹೇಳಿತ್ತು? ಅವನು ಅಂಟಿಸಿದ ತೇಪೆ ಕಿತ್ತು ಬಂದದ್ದನ್ನು ಕುಷ್ಟಗಿಯಲ್ಲಾಗಲಿ ಈ ಹೈದರಾಬಾದಿನಲ್ಲಾಗಲಿ ಒಬ್ಬನಾದರೂ ನೋಡಿದ್ದರೆ ಎದುರಿಗೆ ಬಂದು ಹೇಳಲಿ. ಬಾಯಿ ಕೈ ಎರಡೂ ಒಂದೇ ಮೈಗೆ ಅಂಟಿಕೊಂಡಿದ್ದರೂ ಎರಡರ ಸಂಸಾರ ಬೇರೆ ಬೇರೆ ಎನ್ನುವುದು ಆ ಮನುಷ್ಯನಿಗೆ ತಿಳಿಯಲಿಲ್ಲವಲ್ಲ. ಓದಿದವನು. ಕಲಬುರಗಿಯವನು ಬೇರೆ, ತಮ್ಮ ಮಾತಿನವನು. ಬೇರೆ ಯಾರಾದರೂ ತೆಲುಗಿನಲ್ಲೋ ಹಿಂದಿಯಲ್ಲೋ ಅಂದಿದ್ದರೆ ಇಷ್ಟು ಒಳಗಿಳಿಯುತ್ತಿರಲಿಲ್ಲ.

‘ಜರ ಮುಂದುಕು ಜರುಗು ಭಾಯ್,’ ಎಂದು ಕಂಡಕ್ಟರ್ ಬೆನ್ನಿಗೆ ಟಿಕೆಟ್ ಚೀಲ ಒತ್ತಿದ. ಹುಲಗೇಶ ಸರಿಯಲಿಲ್ಲ. ಇವತ್ತು ಯಾರು ಹೇಳಿದರೂ ಸರಿಯುವುದಿಲ್ಲ ಎಂದು ಅವನ ಕಾಲುಗಳೇ ನಿರ್ಧಾರ ಮಾಡಿದಂತಿತ್ತು.

ಈ ಮಾತಿಗೆಲ್ಲ ಕಾರಣ ಅವನು ರಿಪೇರಿ ಮಾಡಿದ ಒಂದು ಪತಂಗ, ಮಕ್ಕಳು ಹಾರಿಸುವ ಕಾಗದದ್ದಲ್ಲ. ಒಂದು ಮದುವೆಯ ಊಟದ ಹೊತ್ತಿನಲ್ಲಿ ಗಾಳಿಗೆ ಹರಿದ ಶಾಮಿಯಾನವನ್ನು, ಜನ ಎಲೆಯ ಮುಂದೆ ಕೂತಿರುವಾಗಲೇ, ಶಾಮಿಯಾನದವರ ಕೆಲಸಕ್ಕಿದ್ದ ಹುಲಗೇಶ ಹೊಲಿದು ಮುಗಿಸಿದ್ದನ್ನು ನೋಡಿ ಶಿವಪ್ರಕಾಶ ಪಕ್ಕಕ್ಕೆ ಕರೆದಿದ್ದ. ಮೊದಲು ಏನು ಮಾಡ್ತಿದ್ದಿ ಎಂದು ಕೇಳಿದ್ದ. ಪಂಕ್ಚರ್ ಎಂದಾಗ ಅವನ ಮುಖ ಅರಳಿತ್ತು. ಹೊಲಿಗೆಯೂ ಬರುವ ಪಂಕ್ಚರಿನವನೂ ಆಗಿರುವ ಒಬ್ಬನನ್ನು ಅವನು ಈ ಊರಲ್ಲಿ ಒಂದು ವರ್ಷದಿಂದ ಹುಡುಕುತ್ತಿದ್ದನಂತೆ. ಕಂಪನಿ ಅಮೆರಿಕಕ್ಕೆ ಕಳಿಸಿದ್ದಾಗ ತಂದ ಪತಂಗ. ರಜೆ ಸಿಕ್ಕರೆ ಕಾರಿನ ಮೇಲೆ ಕಟ್ಟಿಕೊಂಡು ಬಾಪಟ್ಲದ ಸಮುದ್ರಕ್ಕೆ ಓಡುತ್ತಿದ್ದನಂತೆ. ಕಾಲಿಗೆ ಹಲಗೆ ಕಟ್ಟಿಕೊಂಡು ನೀರಮೇಲೆ ನಿಂತರೆ ಅದು ಗಾಳಿ ಹಿಡಿದು ಇವನನ್ನು ಎಳೆಯುತ್ತದಂತೆ. ಮುಂದಿನ ಅಂಚಿಗೆ ತೊಡೆಯಷ್ಟು ದಪ್ಪದ ಬಟ್ಟೆಯ ಕೊಳವೆ, ಅದರೊಳಗೆ ತೆಳ್ಳನೆಯ ಟ್ಯೂಬು. ಅದಕ್ಕೆ ಪಂಪಿನಿಂದ ಗಾಳಿ ತುಂಬಿದರೇ ಪತಂಗಕ್ಕೆ ಬೆನ್ನೆಲುಬು. ಆ ಟ್ಯೂಬು ಸೋರುತ್ತಿತ್ತು. ಅವನ ಮಾತು ಕೇಳುತ್ತ ಹುಲಗೇಶನಿಗೆ ಒಂದು ಹೊಟ್ಟೆಕಿಚ್ಚೇ ಆಯಿತು. ಇಂಥ ಕಥೆ ತನಗೆ ಇಷ್ಟು ದಿನ ಹೊಳೆದಿರಲಿಲ್ಲವಲ್ಲ, ಹೊಳೆದಿದ್ದರೂ ಓಣಿಯಲ್ಲಿ ಯಾರೂ ನಂಬುತ್ತಿರಲಿಲ್ಲ, ಈ ಮನುಷ್ಯ ಮಾತ್ರ ಅದನ್ನು ಸುಮ್ಮನೆ, ಬಸ್ಸು ತಪ್ಪಿತು ಎಂದಷ್ಟೇ ಸಲೀಸಾಗಿ ಹೇಳಿಬಿಟ್ಟ.

ಸಿಕಂದರಾಬಾದಿನಲ್ಲಿ ಇಳಿದು ಗಚ್ಚಿಬೌಲಿಯ ಬಸ್ಸು ಹತ್ತಿದಾಗ ಕಿಟಕಿಯ ಸೀಟು ಸಿಕ್ಕಿತು. ಕೂತ ಕೂಡಲೇ ಅವನು ಮತ್ತೆ ಮೊದಲಿನಿಂದ ಲೆಕ್ಕ ಹಿಡಿದ. ಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನಸ್ಸಿನಲ್ಲೇ ಮನೆಗೆ ವಾಪಸ್ಸು ನಡೆದ ಹಾಗೆ. ಕೋಣೆ ಒಂದೇ. ಮಂಚ ಎತ್ತಿ ಗೋಡೆಗೆ ನಿಲ್ಲಿಸಿದ್ದ. ಹೆಂಡತಿ ಶಿವಗಂಗಾ ಒಲೆಯನ್ನು ಹೊರಗೆ ಕಟ್ಟೆಗೆ ತಂದಿದ್ದಳು, ‘ನಾನೂ ಗಾಳಿ ತುಂಬಸ್ಕೊಂಡು ಹೊರಗ ಹಾರಿ ಬಿಡ್ತೀನಿ ನೋಡ್ರಿ’ ಎಂದು ಬೈಯುತ್ತಲೇ. ಕೊಳವೆಯ ತುದಿಯ ಹೊಲಿಗೆ ಬಿಚ್ಚಿ, ಟ್ಯೂಬಿನ ಬಾಲಕ್ಕೆ ದಾರ ಕಟ್ಟಿ ಮೆಲ್ಲಗೆ ಹೊರಗೆಳೆದಿದ್ದ. ದಾರದ ಇನ್ನೊಂದು ತುದಿ ಕೊಳವೆಯಲ್ಲೇ ಉಳಿಯಬೇಕು, ಇಲ್ಲದಿದ್ದರೆ ಟ್ಯೂಬನ್ನು ಮತ್ತೆ ಒಳಗೆ ಎಳೆಯುವುದು ದೇವರಿಂದಲೂ ಆಗದು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಲಂಗಕ್ಕೆ ಲಾಡಿ ಹಾಕಿದವನಿಗೆ ಹೇಳಿಕೊಡಬೇಕಾಗಿಯೂ ಇಲ್ಲ. ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವ ಜಾಗ ಹಿಡಿದು, ಹೆಂಡತಿಯ ಬಳೆಯನ್ನು ಇಟ್ಟು ಪೆನ್ಸಿಲ್ಲಿನಿಂದ ಗೀರಿ ದುಂಡಗೆ ತೇಪೆ ಕತ್ತರಿಸಿದ್ದ. ಮೂಲೆ ಇರುವ ತೇಪೆ ಮೂಲೆಯಿಂದಲೇ ಏಳುತ್ತದೆ, ದುಂಡಗಿನದಕ್ಕೆ ಏಳಲು ಜಾಗವೇ ಇಲ್ಲ. ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ಪೂರಾ ಟ್ಯೂಬಿಗೆ ಸುರಿದು, ಜಾರಿಸಿ ಒಳಗೆ ಎಳೆದು, ಗಾಳಿ ತುಂಬಿ, ಒಂದು ಹಗಲು ಒಂದು ರಾತ್ರಿ ಹಾಗೇ ಬಿಟ್ಟಿದ್ದ. ಗಂಡಹೆಂಡತಿ ನಡುವೆ ಅದು ಮದುವೆಯ ವಾಸನೆ ಬೀರುತ್ತ ಮಲಗಿತ್ತು. ಬೆಳಿಗ್ಗೆ ಬೆರಳಿನಿಂದ ಬಾರಿಸಿದರೆ ಕುಂಬಳಕಾಯಿ ಸದ್ದು. ಒಂದು ಗುಟುಕು ಗಾಳಿ ಸೋರಿರಲಿಲ್ಲ. ಆಮೇಲೆ ಗಾಳಿ ಬಿಟ್ಟು, ತುದಿಯನ್ನು ಮಡಚಿ, ತನ್ನ ಬಾಗಿದ ಸೂಜಿಯಿಂದ ಎರಡು ಸುತ್ತು ಹೊಲಿದು ಮುಚ್ಚಿದ್ದ. ಇದರಲ್ಲಿ ಸುಳ್ಳು ಎಲ್ಲಿದೆ? ಯಾವ ಹೊಲಿಗೆಯಲ್ಲಿದೆ?

ಸೂಜಿಯ ನೆನಪಾದದ್ದೇ ತಡ ಅವನ ಸಿಟ್ಟು ಇನ್ನೊಂದು ಕಡೆಗೆ ಹೊರಳಿತು. ಆ ಸೂಜಿಯನ್ನು ಅವನೇ ಒಲೆಯ ಮೇಲೆ ಕಾಯಿಸಿ ಉಗುರಿನಂತೆ ಬಗ್ಗಿಸಿಕೊಂಡಿದ್ದ. ಅಂಥದ್ದು ಪೇಟೆಯಲ್ಲಿ ಸಿಗದು. ಪತಂಗ ಕೊಟ್ಟು ಕಳಿಸಿದ ಮಾರನೆಯ ದಿನ ಡಬ್ಬಿ ತೆಗೆದರೆ ಸೂಜಿ ಇಲ್ಲ. ‘ಬಂಡೆಮ್ಮಗ ಕೊಟ್ಟೀದಿ,’ ಎಂದಿದ್ದ ಹೆಂಡತಿಗೆ, ‘ದೀಪ ಹಚ್ಚಿದ ಮ್ಯಾಲೆ ಕೊಟ್ಟೀದಿ, ಅದಕ್ಕ ಹೊಳ್ಳಿ ಬಂದಿಲ್ಲ.’ ದೀಪ ಹಚ್ಚಿದ ಮೇಲೆ ಮನೆಯ ಸೂಜಿಯನ್ನು ಇನ್ನೊಬ್ಬರ ಕೈಗೆ ಕೊಡಬಾರದು. ಶಿವಗಂಗಾ ಉಪ್ಪು ಕೊಟ್ಟಾಳು, ಸೂಜಿ ಕೊಡುವವಳಲ್ಲ. ಅವಳು ಅವನ ಮುಖವನ್ನೇ ನೋಡಿದ್ದಳು. ‘ನಾ ಕೊಟ್ಟಿಲ್ರಿ. ನಮ್ಮವ್ವನ ಆಣಿ.’ ಇವನು ನಂಬಲಿಲ್ಲ. ನಂಬದಿರುವುದು ಇಷ್ಟು ಸುಲಭವೇ ಎಂದು ಆಗ ಹೊಳೆದಿರಲಿಲ್ಲ. ಪಕ್ಕದ ಮನೆಯ ಬಂಡೆಮ್ಮ ಬಾಗಿಲಿಗೆ ಬಂದು, ‘ನನ್ನ ಹರಕು ಕೌದಿಗೆ ನಿನ್ನ ಡೊಂಕ ಸೂಜಿ ಯಾಕಪಾ ಬೇಕು?’ ಎಂದು ಕೇಳಿ ಹೋಗಿದ್ದಳು. ಅವತ್ತಿನಿಂದ ಹದಿನೈದು ದಿನ ಎರಡು ಮನೆಗಳ ನಡುವೆ ಮಾತಿಲ್ಲ. ನಳದ ಮುಂದೆ ಶಿವಗಂಗಾಳ ಕೊಡ ಬಂದರೆ ಬಂಡೆಮ್ಮನ ಕೊಡ ಹಿಂದೆ ಸರಿಯುತ್ತಿತ್ತು.

ರಸ್ತೆಯ ಎರಡೂ ಕಡೆ ಗಾಜಿನ ಕಟ್ಟಡಗಳು ಶುರುವಾದವು. ಅರ್ಧ ಎದ್ದವು, ಪೂರಾ ಎದ್ದವು, ಬರೀ ಗುಂಡಿಯಾಗಿರುವವು. ಗುಂಡಿಯಲ್ಲಿ ತಗಡಿನ ಬುಟ್ಟಿ ಹೊತ್ತ ಹೆಂಗಸರು ಕುಷ್ಟಗಿ ಕಡೆಯವರಂತೆ ಸೀರೆಗೆ ಗಂಟು ಕಟ್ಟಿದ್ದರು. ಈ ಊರಿಗೆ ಬಂದಾಗ ಹುಲಗೇಶನೂ ಇಂಥದ್ದೇ ಒಂದು ಕಟ್ಟಡದ ಮೂರನೇ ಮಹಡಿಯ ಹಲಗೆಯ ಮೇಲೆ ನಿಂತು, ಕೆಳಗೆ ನೋಡಿ, ಕಂಬ ತಬ್ಬಿಕೊಂಡು ಅತ್ತಿದ್ದ. ಇಬ್ಬರು ಹಿಡಿದು ಇಳಿಸಿದ್ದರು. ಅದನ್ನು ಅವನು ಯಾರಿಗೂ ಹೇಳಿಲ್ಲ. ಓಣಿಗೆ ಗೊತ್ತಿರುವ ಹುಲಗೇಶ ಬೇರೆ, ಪತಂಗಕ್ಕೆ ಗಾಳಿ ತುಂಬಿದ ಕೂಡಲೇ ತಗಡಿನ ಚಾವಣಿ ಸಮೇತ ಮೇಲೆದ್ದು ಮೌಲಾಲಿ ಗುಡ್ಡ ದಾಟಿ, ಗಡಿಯಾರದ ಕಂಬದ ಮುಳ್ಳು ಹಿಡಿದು ಜೋತಾಡಿ, ಅದರಿಂದಾಗಿ ಇಡೀ ಸಿಕಂದರಾಬಾದು ಅರ್ಧ ಗಂಟೆ ತಡವಾಗಿ ಊಟ ಮಾಡುವಂತೆ ಮಾಡಿದವನು. ಆ ಕಥೆ ಹುಟ್ಟಿದ್ದು ಕೆಲಸ ಮುಗಿದ ದಿನವೇ. ಬಂಡೆಮ್ಮ ಬಾಗಿಲಲ್ಲಿ ನಿಂತು, ‘ಏನೋ ಇದು ಹುಲಗ್ಯಾ, ಆನಿ ಕರಳು ಹಿರಿದು ಹಾಕೀದಿ?’ ಎಂದದ್ದೇ ಅವನಿಗೆ ಹುರುಪು ಬಂದುಬಿಟ್ಟಿತ್ತು. ಕಡೆಯ ಹೊಲಿಗೆ ಮುಗಿದು ದಾರ ಕತ್ತರಿಸಿದ್ದ. ಬಾಗಿಲು ತುಂಬ ಜನ. ಕಥೆ ಹೇಳಲು ಎರಡು ಕೈ ಬೇಕಲ್ಲ, ಗುಡ್ಡ ತೋರಿಸಲು ಒಂದು, ಜೋತಾಡುವುದಕ್ಕೆ ಇನ್ನೊಂದು. ಬಂಡೆಮ್ಮ ನಕ್ಕು ನಕ್ಕು ಹೊಸ್ತಿಲಲ್ಲೇ ಕೂತಿದ್ದಳು. ಇಂಥ ಬಂಡೆಮ್ಮ ಒಂದು ಸೂಜಿಗಾಗಿ ಕಳ್ಳಿಯಾದಳು ನೋಡು ಎಂದುಕೊಂಡ. ಏನೋ ಒಂದು ಸಣ್ಣದು ಮನಸ್ಸಿನಲ್ಲಿ ಅಡ್ಡ ಹಾಯ್ದು ಹೋಯಿತು. ಬಸ್ಸು ಬ್ರೇಕು ಹಾಕಿತು, ಅದು ಏನೆಂದು ತಿಳಿಯುವ ಮೊದಲೇ ಇಳಿಯಬೇಕಾಯಿತು.

ಗೇಟಿನಲ್ಲಿ ಕಾವಲಿನವನು ವಹಿಯಲ್ಲಿ ಹೆಸರು ಬರೆಸಿದ. ಹೆಸರಿನ ಮುಂದೆ ‘ಯಾತಕ್ಕೆ’ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದ. ‘ಪತಂಗ ರಿಪೇರಿ’ ಎಂದರೆ ನಕ್ಕು ‘ಪ್ಲಂಬರ್’ ಎಂದು ಬರೆದುಕೊಂಡ. ‘ಉಧರ್ ಸೆ ನಹೀ, ಸಾಮಾನ್ ವಾಲೀ ಲಿಫ್ಟ್ ಸೆ,’ ಎಂದು ಕೋಲಿನಿಂದ ತೋರಿಸಿದ. ಹುಲಗೇಶನ ಕೈಯಲ್ಲಿ ಸಾಮಾನಿರಲಿಲ್ಲ. ಸಾಮಾನಿಲ್ಲದ ಮನುಷ್ಯ ಸಾಮಾನಿನ ಲಿಫ್ಟಿನಲ್ಲಿ ಯಾಕೆ ಹೋಗಬೇಕು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಸಿಟ್ಟನ್ನು ಚಿಲ್ಲರೆ ಮಾಡಿ ಹಂಚಿದರೆ ಮೇಲೆ ಹೋದಾಗ ಕಡಿಮೆ ಬಿದ್ದೀತು. ಲಿಫ್ಟು ಏರುವಾಗ ಕಣ್ಣು ಮುಚ್ಚಿ ಗೋಡೆ ಹಿಡಿದು ನಿಂತ.

ಶಿವಪ್ರಕಾಶ ಬಲಗೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗುಹಾಕಿಕೊಂಡು ಮಾಳಿಗೆಯ ಮೇಲೆ ಕಾಯುತ್ತಿದ್ದ. ಪತಂಗ ಬಿಸಿಲಿಗೆ ಹರಡಿತ್ತು, ಅಲ್ಲಲ್ಲಿ ಉಪ್ಪು ಬೆಳ್ಳಗೆ ಕೂತಿತ್ತು. ಆ ಕೈ ನೋಡಿ ಹುಲಗೇಶನ ಸಿಟ್ಟು ಒಂದು ಕ್ಷಣ ಕಾಲು ತಪ್ಪಿತು.

‘ನೋಡು,’ ಎಂದ ಶಿವಪ್ರಕಾಶ. ‘ದಂಡಿ ಇಂದ ಅಷ್ಟು ದೂರ ಹೋಗಿದ್ದೆ. ಒಮ್ಮಿಗೇ ಗಾಳಿ ಹೋತು. ಮುದ್ದಿ ಆಗಿ ನೀರಾಗ ಬಿತ್ತು. ಹಗ್ಗ ಕೈಗೆ ಸುತ್ತಿ ರಟ್ಟಿ ಉಳುಕಿತು. ಮೀನಗಾರರು ದೋಣಿ ತಂದು ಎತ್ತಿ ಹಾಕಿದ್ರು, ಬಲಿಯೊಳಗ ಸಿಕ್ಕ ಮೀನ ಎತ್ತಿ ಹಾಕಿದಂಗ. ಆಫೀಸಿನವರೆಲ್ಲ ದಂಡಿ ಮ್ಯಾಲೆ ನಿಂತು ಫೋಟೊ ತೆಗ್ಯಾಕತ್ತಿದ್ರು.’

‘ಕೈಗೆ ಭಾಳ ಪೆಟ್ಟಾತೇನ್ರಿ ಸಾಹೇಬ್ರ?’

‘ಕೈ ಮಾತು ಬಿಡು. ನಿನ್ನ ಕೆಲಸದ ಮಾತಾಡು.’

‘ಅದಕ್ಕ ಬಂದೀನ್ರಿ. ಒಂದು ಬೋಗಾಣಿ ನೀರು, ಬಟ್ಟಿ ಸೋಪು, ನಿಮ್ಮ ಪಂಪು ಕೊಡ್ರಿ. ನನ್ನ ತ್ಯಾಪಿ ಸೋರಿದ್ರ ಇದಾ ಮಾಳಗಿ ಇಂದ ಹಾರತೀನಿ.’

‘ಹಾರು. ಮೊನ್ನಿ ಮೌಲಾಲಿ ತನಕ ಹಾರಿದ್ದಿಯಲ್ಲ.’

ಕಥೆ ಇಲ್ಲಿಯವರೆಗೂ ಬಂದಿತ್ತು. ಪತಂಗ ಒಯ್ಯಲು ಕಳಿಸಿದ್ದ ಡ್ರೈವರ್ ಹೇಳಿರಬೇಕು. ಹುಲಗೇಶ ತುಟಿ ಕಚ್ಚಿ ತುದಿಯ ಹೊಲಿಗೆ ಬಿಚ್ಚಿದ, ಬಾಲಕ್ಕೆ ದಾರ ಕಟ್ಟಿದ, ಟ್ಯೂಬನ್ನು ಹೊರಗೆಳೆದ. ಉಪ್ಪುನೀರಿನ ನಡುವೆಯೂ ಪೌಡರಿನ ವಾಸನೆ ಸಣ್ಣಗೆ ಬಂತು. ಗಾಳಿ ತುಂಬಿ, ಶಿವಪ್ರಕಾಶನನ್ನು ಪಕ್ಕಕ್ಕೇ ಕೂರಿಸಿಕೊಂಡು, ಬಳೆಯಷ್ಟು ದುಂಡನೆಯ ತೇಪೆಯ ಮೇಲೆ ನೊರೆ ಸುರಿದ. ಇಬ್ಬರೂ ಬಗ್ಗಿ ನೋಡಿದರು. ನೊರೆ ಹಾಗೇ ಕೂತಿತ್ತು. ಒಂದು ಗುಳ್ಳೆ ಏಳಲಿಲ್ಲ. ಹುಲಗೇಶ ಉಗುರಿನಿಂದ ತೇಪೆಯ ಅಂಚನ್ನು ಕೆದಕಿದ, ‘ನೀವೂ ಕೆದರಿ ನೋಡ್ರಿ’ ಎಂದ. ಶಿವಪ್ರಕಾಶ ಎಡಗೈಯಿಂದ ಕೆದಕಿದ. ಅಂಚು ಅಲುಗಲಿಲ್ಲ.

‘ಈಗ ಹೇಳ್ರಿ. ಯಾರ ಕೈ ಸುಳ್ಳು?’

ಹುಲಗೇಶ ನಿಧಾನವಾಗಿ, ಗೆದ್ದವನ ನಿಧಾನದಲ್ಲಿ, ಉಳಿದ ಟ್ಯೂಬಿಗೆ ನೊರೆ ಹಚ್ಚುತ್ತ ಹೋದ. ತುದಿಯಿಂದ ಒಂದು ಗೇಣು ಈಚೆಗೆ ಗುಳ್ಳೆಗಳು ಎದ್ದವು. ಎರಡು ತೂತು, ಒಂದಕ್ಕೊಂದು ಹತ್ತಿರ, ಅದರ ಮಗ್ಗುಲಲ್ಲಿ ಬೆರಳುದ್ದದ ಸೀಳು.

‘ಇದು ಮೊದಲು ಇರಲಿಲ್ಲಲ್ಲ,’ ಎಂದ ಶಿವಪ್ರಕಾಶ.

‘ಇದ್ದಿಲ್ರಿ.’

‘ಹೊಸಾದು. ಹೊರಗಿಂದ ಏನರ ಚುಚ್ಚಿರಬೇಕು. ಮೀನಿನ ಮುಳ್ಳೋ, ಚಿಪ್ಪೋ. ಅಲ್ಲಿ ದಂಡಿ ಮ್ಯಾಲೆ ಬರೇ ಮುಳ್ಳು ಬಿದ್ದಿರ್ತಾವ.’ ಅವನ ದನಿ ಇಳಿದಿತ್ತು. ‘ಹುಲಗೇಶ, ನಾ ಸಿಟ್ಟಿನ ಭರಕ್ಕ ಅಂದುಬಿಟ್ಟೆ. ನಿಂದೇನೂ ತಪ್ಪಿಲ್ಲ ಬಿಡು. ಮನಸ್ಸಿಗೆ ಹಚ್ಕೋಬ್ಯಾಡ.’

ಹುಲಗೇಶ ಆಗ ಖಾಲಿ ಕೊಳವೆಯೊಳಗೆ ಕೈ ಹಾಕಿದ್ದ. ಮುಳ್ಳು ಒಳಗೇ ಉಳಿದಿದ್ದರೆ ಮತ್ತೆ ಚುಚ್ಚೀತು ಎಂದು, ಪಂಕ್ಚರಿನವನು ಟಯರಿನ ಒಳಗೆ ಬೆರಳಾಡಿಸಿ ಮೊಳೆ ಹುಡುಕುವಂತೆ. ತುದಿಯ ಮಡಿಕೆಯ ಹತ್ತಿರ ನಡುಬೆರಳಿಗೆ ಏನೋ ಕಚ್ಚಿತು. ಹೊರಗೆ ತೆಗೆಯುವ ಮೊದಲೇ ಅವನಿಗೆ ಗೊತ್ತಾಗಿತ್ತು. ಉಗುರಿನಂಥ ಬಾಗು. ಆ ಬಾಗನ್ನು ಬೆರಳು ಕತ್ತಲಲ್ಲೂ ಗುರುತಿಸುತ್ತಿತ್ತು. ಶಾಮಿಯಾನ ಹೊಲಿಯುವವನು ಬಟ್ಟೆಯ ಮೇಲೆಯೇ ಮೊಣಕಾಲೂರಿ ಸರಿಯುತ್ತಾನೆ, ಸೂಜಿ ಇಡಲು ಅವನಿಗೆ ಮೇಜಿಲ್ಲ, ನೆಲವಿಲ್ಲ, ಎದುರಿಗಿರುವ ಮಡಿಕೆಗೇ ಚುಚ್ಚಿಡುತ್ತಾನೆ. ಗುಡ್ಡ ತೋರಿಸಲು ಒಂದು ಕೈ, ಜೋತಾಡುವುದಕ್ಕೆ ಇನ್ನೊಂದು. ಬಂಡೆಮ್ಮ ನಗುತ್ತಿದ್ದಳು.

‘ಮುಳ್ಳು ಸಿಕ್ಕಿತೇನು?’

ಹುಲಗೇಶ ಮುಷ್ಟಿ ಹೊರಗೆ ತೆಗೆದ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಇಷ್ಟು ವರ್ಷ ಬೇಡವೆಂದರೂ ಸಾಲುಗಟ್ಟಿ ಬರುತ್ತಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ಸುಳ್ಳು ಹೇಳಬೇಕಾದ ಅಗತ್ಯವೇ ಇರಲಿಲ್ಲ, ಅದನ್ನು ಶಿವಪ್ರಕಾಶನೇ ಹೊಲಿದು ಕೈಗಿಟ್ಟಿದ್ದ.

‘ಹೂಂನ್ರಿ,’ ಎಂದ. ‘ಸಣ್ಣದು.’

‘ನಾ ಹೇಳಿದ್ನಿಲ್ಲ? ಒಗಿ ಅತ್ಲಾಗ. ಚಾ ಕುಡಿದು ಹೋಗು.’

ಚಹ ಕಪ್ಪುಬಸಿಯಲ್ಲಿ ಬಂತು, ಬಿಸ್ಕತ್ತಿನ ಸಮೇತ. ಸೂಜಿ ಬಲಮುಷ್ಟಿಯಲ್ಲೇ ಇತ್ತು, ಹುಲಗೇಶ ಎಡಗೈಯಲ್ಲಿ ಕುಡಿದ. ಸೂಜಿಯನ್ನು ಕಿಸೆಗೆ ಸೇರಿಸಿ, ಅಲ್ಲಿ ಯಾವಾಗಲೂ ಇರುತ್ತಿದ್ದ ರಬ್ಬರು, ಅಂಟು ತೆಗೆದು ಸೀಳಿಗೆ ಬಳೆಯಷ್ಟು ದುಂಡನೆಯ ತೇಪೆ ಹಾಕಿದ, ಹೊಲಿಯಲು ಮನೆಯವರ ಸೂಜಿ ಇಸಕೊಂಡ, ಕೆಲಸ ಮುಗಿದ ಮೇಲೆ ಅದನ್ನು ಎರಡು ಸಲ ಎಣಿಸಿ ವಾಪಸ್ಸು ಕೊಟ್ಟ, ಒಂದೇ ಸೂಜಿಯನ್ನು. ಶಿವಪ್ರಕಾಶ ಗೇಟಿನವರೆಗೆ ಬಂದು ಕಾವಲಿನವನಿಗೆ, ‘ಇನ್ನ ಮ್ಯಾಲೆ ಇವರು ಬಂದ್ರ ದೊಡ್ಡ ಲಿಫ್ಟಿನ್ಯಾಗ ಕಳಸು’ ಎಂದು ಹಿಂದಿಯಲ್ಲಿ ಹೇಳಿದ, ಇವನಿಗೆ ತಿಳಿಯಲೆಂದು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದ. ಇವರು ಎಂದ. ಬಸ್ಸಿನಲ್ಲಿ ಆ ‘ಇವರು’ ಬೆಳಗಿನ ಬೈಗುಳಕ್ಕಿಂತ ಹೆಚ್ಚು ಉರಿಯಿತು. ಬೈದವನ ಮೇಲೆ ಸಿಟ್ಟು ಮಾಡಬಹುದು. ಕ್ಷಮೆ ಕೇಳಿದವನನ್ನು ಏನು ಮಾಡುವುದು? ಯಾಕೆ ಕೇಳಿದ? ಕಾಣದ ಮುಳ್ಳೊಂದನ್ನು ನಂಬಿಬಿಡುವಷ್ಟು ದಡ್ಡನೇ ಅವನು, ಅಷ್ಟು ಓದಿ? ಇನ್ನೊಂದು ಸ್ವಲ್ಪ ಬೈದಿದ್ದರೆ, ಮುಷ್ಟಿ ಬಿಚ್ಚು ಎಂದಿದ್ದರೆ, ತಾನು ಬಿಚ್ಚುತ್ತಿರಲಿಲ್ಲವೇ? ಸಿಟ್ಟು ಬಸ್ಸಿನ ತುಂಬ ಸೀಟು ಹುಡುಕುತ್ತ ತಿರುಗಿ ಕಡೆಗೆ ಅವನ ತೊಡೆಯ ಮೇಲೆಯೇ ಬಂದು ಕೂತಿತು.

ಓಣಿ ಮುಟ್ಟುವಷ್ಟರಲ್ಲಿ ಮುಚ್ಚಂಜೆ. ಬೆಳಿಗ್ಗೆ ಅವನು ಕೂಗಾಡಿಕೊಂಡು ಹೋದದ್ದನ್ನು ಎಲ್ಲರೂ ಕೇಳಿದ್ದರು. ಕಟ್ಟೆಯ ಮೇಲೆ ನಾಲ್ಕು ಜನ ಕೂತೇ ಇದ್ದರು. ಬಂಡೆಮ್ಮ ತನ್ನ ಬಾಗಿಲಲ್ಲಿ ಮುಖ ತಿರುಗಿಸಿ ಅಕ್ಕಿ ಆರಿಸುತ್ತಿದ್ದಳು. ಶಿವಗಂಗಾ ದೀಪ ಹಚ್ಚಿ ಆಗಷ್ಟೇ ಹೊಸ್ತಿಲಿಗೆ ಬಂದಿದ್ದಳು.

‘ಏನಾತ್ರಿ?’ ಎಂದಳು.

ಅವನು ನಡು ಓಣಿಯಲ್ಲಿ ನಿಂತು ಕಿಸೆಯಿಂದ ಸೂಜಿ ತೆಗೆದು ಅಂಗೈ ಚಾಚಿದ. ‘ಸೂಜಿ ಪತಂಗದಾಗ ಇತ್ತು. ನಾನಾ ಬಿಟ್ಟಿದ್ದೆ. ಅದನ್ನ ಸಮುದ್ರಕ್ಕ ಒಯ್ದಾರ. ಅಲ್ಲಿ ಟ್ಯೂಬಿಗೆ ಚುಚ್ಚಿ, ಸಾಹೇಬ್ರು ನೀರಾಗ ಬಿದ್ದು, ರಟ್ಟಿ ಉಳುಕಿ…’

ಕಟ್ಟೆಯ ಮೇಲಿನವರು ಆಗಲೇ ನಗುತ್ತಿದ್ದರು. ಒಬ್ಬ ಬೀಡಿ ಆರಿಸಿ ಸರಿಯಾಗಿ ಕೂತ.

‘ಸೂಜಿ ಸಮುದ್ರದಾಗ ಈಸ ಹೊಡೀತೇನಪಾ?’

‘ಬಾಪಟ್ಲದಾಗ ಟಿಕೀಟ ತಗೊಂಡು ಹೊಳ್ಳಿ ಬಂತೇನು?’

ಹದಿನೈದು ದಿನದಿಂದ ಬಿಗಿದಿದ್ದ ಬಂಡೆಮ್ಮನ ತುಟಿ ಸಡಿಲಾಯಿತು. ಮೊರವನ್ನು ಪಕ್ಕಕ್ಕಿಟ್ಟು, ‘ಯವ್ವಾ, ನನ್ನ ಮ್ಯಾಲೆ ಹೊರಿಸಿದ ಕಳವಿನ ಮಾತು ಮುಚ್ಚಾಕ ಎಷ್ಟ ದೂರ ಹೋಗಿ ಬಂದಾನ ನೋಡ ಇಂವ,’ ಎಂದು ಹೊಟ್ಟೆ ಹಿಡಿದುಕೊಂಡಳು. ‘ಹೇಳೋ ಹುಲಗ್ಯಾ, ಮುಂದ? ತಿಮಿಂಗಿಲಾ ಬಂತೇನು?’

‘ಖರೇನ ಹೇಳಾಕತ್ತೀನಿ ಯಕ್ಕಾ,’ ಎಂದ. ‘ನೋಡಿಲ್ಲಿ, ತುಕ್ಕು ಹಿಡದೈತಿ. ಉಪ್ಪ ನೀರಿನ ತುಕ್ಕು.’ ದನಿ ಒಡೆದಿತ್ತು. ಅದು ಕಥೆಯ ಭಾಗವೆಂದುಕೊಂಡು ಅವರು ಇನ್ನೂ ನಕ್ಕರು. ‘ನಗಬ್ಯಾಡ್ರಿ,’ ಎಂದು ಕೂಗಿದ. ಅದಕ್ಕೂ ನಕ್ಕರು. ಇಷ್ಟು ವರ್ಷ ಎಮ್ಮೆಯನ್ನು ನಂಬಿದವರ ಹಾಗೆ ಕೇಳಿದ ಜನ ಇವರೇ.

ಒಳಗೆ ಬಂದ. ಹಿಂದೆಯೇ ಬಂದ ಶಿವಗಂಗಾ ನಕ್ಕಿರಲಿಲ್ಲ. ದೀಪದ ಬೆಳಕಿನಲ್ಲಿ ಅವನ ಅಂಗೈಯನ್ನೇ ನೋಡಿದಳು, ಬಾಗಿದ ಸೂಜಿ, ತುಕ್ಕು, ನಡುಬೆರಳಿನ ತುದಿಯಲ್ಲಿ ಒಣಗಿದ ರಕ್ತ. ಅವಳು ನಂಬಿದ್ದಾಳೆಂದು ಅವನಿಗೆ ಗೊತ್ತಾಯಿತು. ಒಬ್ಬರಾದರೂ ನಂಬಿದರಲ್ಲ ಎಂದು ಎದೆ ಹಗುರಾಗುವಷ್ಟರಲ್ಲಿ ಅವಳು ಕೇಳಿದಳು:

‘ಇದನ್ನ ಅವರಿಗೆ ಹೇಳಿ ಬಂದ್ರೇನು?’

ಹೊರಗೆ ಯಾರೋ ತಿಮಿಂಗಿಲದ ಕಥೆಯನ್ನು ತಾವೇ ಮುಂದುವರಿಸಿದ್ದರು. ಅವನು ಸೂಜಿಯನ್ನು ಅವಳ ಕಡೆಗೆ ಚಾಚಿದ, ಡಬ್ಬಿಗೆ ಹಾಕು ಎನ್ನುವಂತೆ.

ಶಿವಗಂಗಾ ಕೈ ಹಿಂದಕ್ಕೆ ತೆಗೆದುಕೊಂಡಳು.

‘ದೀಪ ಹಚ್ಚೀನಿ,’ ಎಂದಳು. ‘ಈಗ ನಾ ಇಸ್ಕೊಳ್ಳಂಗಿಲ್ಲ. ಮುಂಜಾನೆ ಯಾರ ಕೈಯಾಗ ಕೊಡಬೇಕೋ ಅವರ ಕೈಯಾಗ ಕೊಟ್ಟು ಬರ್ರಿ.’

ಅವಳು ಒಲೆಯ ಕಡೆಗೆ ಹೋದಳು. ಹುಲಗೇಶ ಗೋಡೆಗೆ ಒರಗಿ ಕೂತ. ರೂಢಿಯಂತೆ ಕೈ ತಾನಾಗಿಯೇ ಎದುರಿಗಿದ್ದ ಕೌದಿಯ ಮಡಿಕೆಯ ಕಡೆಗೆ ಹೋಯಿತು, ಚುಚ್ಚಲು. ಅರ್ಧಕ್ಕೆ ತಡೆದು ಹಿಂದಕ್ಕೆಳೆದುಕೊಂಡ. ಸೂಜಿಯನ್ನು ಎರಡು ಬೆರಳಲ್ಲಿ ಹಾಗೇ ಹಿಡಿದು ಕೂತ.